ನಮೂನೆಗೆ ತೋರಿಸಿದ್ದು ನನ್ನನ್ನು

ಮಲಪನಗುಡಿ
೯ ಜುಲೈ ೨೦೦೬

ಸುನಿತಾ,

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ಸುಮ್ಮನಾಗುತ್ತೇನೆ, ಕೊನೆಗೆ ಇಬ್ಬರೂ ನಕ್ಕು ಇಟ್ಟುಬಿಡುತ್ತೇವೆ. ಈ ಸಲ ಹಾಗಾಗಬಾರದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಶುಕ್ರವಾರ ಮಧ್ಯಾಹ್ನ ನಾನು ಪಾಠ ಹೇಳುವ ಹೊಸಪೇಟೆಯ ಕಂಪ್ಯೂಟರ್ ಸೆಂಟರಿನ ಮುಂದೆ ಒಂದು ಬೊಲೆರೊ ಬಂದು ನಿಂತಿತು. ಅದು ಬಿಳಿ ಗಾಡಿ ಎನ್ನುವುದು ಬಾಗಿಲು ತೆಗೆದಾಗಷ್ಟೇ ಗೊತ್ತಾಯಿತು. ಹೊರಗೆಲ್ಲ ಅದಿರಿನ ಕೆಂಪು ಧೂಳು. ಇಳಿದವನು ನಿನ್ನ ಗಣಿ ಆಫೀಸಿನ ಮ್ಯಾನೇಜರ್ ಈಶ್ವರ್.

"ನಮಸ್ಕಾರ್ರಿ ಮೇಡಮ್. ಗೂಡು ಮಾಡಿದೋರು ನೀವೇ ಏನ್ರಿ? ಮಸ್ತ್ ಐತ್ರಿ ನಿಮ್ಮ ಪ್ರೋಗ್ರಾಮು. ನಮ್ಮ ಆಫೀಸ್ನಾಗ ಈಗ ಅದಿಲ್ದ ಒಂದು ಕೆಲ್ಸ ನಡಿಯಂಗಿಲ್ಲ," ಎಂದ.

ಗೂಡು ಎನ್ನುವ ಹೆಸರನ್ನು ನಿನ್ನನ್ನು ಬಿಟ್ಟು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವನು ಹೇಳುತ್ತಲೇ ಹೋದ. ಆಫೀಸಿನ ಎಲ್ಲ ಕಂಪ್ಯೂಟರಿನಲ್ಲೂ ಅದು ಓಡುತ್ತಿದೆಯಂತೆ. ಹೆಸರುಗಳು ಜಾಸ್ತಿಯಾಗಿ ಹುಡುಕುವುದು ನಿಧಾನವಾಗಿದೆಯಂತೆ. ಫೋಟೊ ಸೇರಿಸಲು ಬರುವುದಿಲ್ಲವಂತೆ. ನಾನು ಸರಿ ಮಾಡಿಕೊಡಬೇಕಂತೆ. ಹೊರಡುವಾಗ ಮಕ್ಕಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ಈಗ ಆರೋಗ್ಯ ಹೆಂಗೈತ್ರಿ? ಗುಳಿಗಿ ತಪ್ಪಿಸಬ್ಯಾಡ್ರಿ," ಎಂದ.

ನನ್ನ ಗುಳಿಗೆಯ ವಿಷಯ ಅವನಿಗೆ ಹೇಗೆ ಗೊತ್ತು, ಸುನಿತಾ?

ಮರೆಯುವ ರೋಗ ನನ್ನದು. ಆದರೂ ನಿನಗೆ ನೆನಪು ಮಾಡಿಕೊಡುವ ಕೆಲಸ ನನ್ನ ಪಾಲಿಗೇ ಬಂದಿದೆ. ಬಳ್ಳಾರಿಯಲ್ಲಿ ಡಿಪ್ಲೊಮಾ ಓದುವಾಗ, ಹಾಸ್ಟೆಲ್ಲಿನ ರೂಮಿನಲ್ಲಿ ನನಗೆ ಮೊದಲ ಸಲ ಮೂರ್ಛೆ ಬಂದಾಗ, ನನ್ನ ತಲೆ ನೆಲಕ್ಕೆ ಬಡಿಯದಂತೆ ಹಿಡಿದವಳು ನೀನು. ಪ್ರತಿ ಸಲ ಎದ್ದ ಮೇಲೆ ಹಿಂದಿನ ಕೆಲವು ದಿನಗಳು ನನ್ನ ತಲೆಯಿಂದ ಒರೆಸಿಹೋಗಿರುತ್ತಿದ್ದವು. ಯಾರಿಗೆ ಏನು ಮಾತು ಕೊಟ್ಟೆ, ಯಾರ ಹತ್ತಿರ ಏನು ಇಸಕೊಂಡೆ, ಯಾರ ಜೊತೆ ಯಾಕೆ ಮಾತು ಬಿಟ್ಟೆ, ಒಂದೂ ಗೊತ್ತಾಗುತ್ತಿರಲಿಲ್ಲ. ಆಗ ಕಲಿಯುತ್ತಿದ್ದ ವಿಷುಯಲ್ ಬೇಸಿಕ್ಕಿನಲ್ಲೇ ನನಗಾಗಿ ಒಂದು ಪ್ರೋಗ್ರಾಮು ಬರೆಯಲು ಕೂತೆ. ಅಂಗಡಿಯಲ್ಲಿ ಸಿಗುವವು ವಿಳಾಸ ಒಂದು ಕಡೆ, ತಾರೀಖು ಒಂದು ಕಡೆ, ಕೆಲಸ ಇನ್ನೊಂದು ಕಡೆ ಇಡುತ್ತಿದ್ದವು. ನನಗೆ ಅದು ಸಾಲದಾಗಿತ್ತು. ಅಪ್ಪ ಎಂದು ಟೈಪು ಮಾಡಿದರೆ ಅಪ್ಪನ ಚಪ್ಪಲಿಯ ಅಳತೆಯೂ ಬರಬೇಕು, ಅವನ ಜೊತೆ ಜಗಳವಾಡಿದ ದಿನವೂ ಬರಬೇಕು, ಅವನಿಗೆ ಹೇಳಬೇಕೆಂದು ಹೇಳದೆ ಉಳಿದದ್ದೂ ಬರಬೇಕು. ನಮ್ಮವ್ವ ಗೋಡೆಯ ಗೂಡಿನಲ್ಲಿ ಕುಂಕುಮ, ಬೀಗದ ಕೈ, ಬಸ್ ಟಿಕೀಟು ಎಲ್ಲ ಒಟ್ಟಿಗೆ ಇಡುವ ಹಾಗೆ. ನೋಡಿ ನೋಡಿ ಆ ಹೆಸರಿಟ್ಟವಳೂ ನೀನೇ.

ಹೋದ ವರ್ಷ ನೀನು ಸಂಡೂರಿನಲ್ಲಿ ಕೆಲಸಕ್ಕೆ ಸೇರಿದಾಗ ಅದರ ಸೀಡಿ ಕೊಟ್ಟೆ. ನನ್ನದನ್ನೆಲ್ಲ ಅದರೊಳಗೆ ಹಾಗೇ ಬಿಟ್ಟೆ, ಯಾಕೆಂದರೆ ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. "ಹೆಂಗ ತುಂಬೋದು ಅಂತ ನೋಡ್ಕಂಡು ಅಳಿಸಿಬಿಡ್ತೀನಿ" ಎಂದು ನೀನು ಅಂದಿದ್ದೆ.

ಅಳಿಸಿದೆಯಾ?

ತುಳಸಿ

---

ಸಂಡೂರು
೧೭ ಜುಲೈ ೨೦೦೬

ಪ್ರೀತಿಯ ತುಳಸಿ,

ನಿನ್ನ ಪತ್ರ ಓದಿ ನನಗೂ ಸಿಟ್ಟು ಬಂತು. ಪೊಲೀಸರು ಕೇಳುವ ಹಾಗೆ ಕೇಳಿದ್ದೀಯ.

ಇಲ್ಲಿ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ. ಬೆಳಗಾದರೆ ಆಫೀಸಿನ ಮುಂದೆ ಜಾತ್ರೆ. ಲಾರಿಯವರು, ಹೊಲದವರು, ಪಂಚಾಯ್ತಿಯವರು, ನಿಮ್ಮ ಗಾಡಿಗೆ ಸಿಕ್ಕಿ ನನ್ನ ಎಮ್ಮೆ ಸತ್ತಿತು ಎನ್ನುವವರು. ನಿನ್ನೆ ಬಂದವನೇ ಇವತ್ತು ಬಂದರೂ ಯಾರಿಗೂ ಗುರುತು ಇರುತ್ತಿರಲಿಲ್ಲ. ಈಶ್ವರ್ ಸಾರ್ ದಿನಾ ಎಲ್ಲರ ಮೇಲೆ ಕೂಗಾಡುತ್ತಿದ್ದರು. ನಾನು ನನ್ನ ಮೇಜಿನ ಕಂಪ್ಯೂಟರಿನಲ್ಲಿ ನನ್ನ ಪಾಡಿಗೆ ಗೂಡಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಅವರು ಯಾರದೋ ಹೆಸರು ಕೇಳಿದರು. ಆತನ ಊರು, ಮನೆ, ಹಿಂದೆ ಬಂದಾಗ ಏನು ಮಾತಾಯಿತು, ಎಲ್ಲವನ್ನೂ ನಾನು ಕೂತಲ್ಲೇ ಓದಿ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. "ಇದೇನಿದು, ತೋರಿಸವ್ವಾ" ಎಂದರು. ತೋರಿಸಿದೆ. ಎಲ್ಲಕ್ಕಿಂತ ಚೆನ್ನಾಗಿ ತುಂಬಿದ್ದು ನಿನ್ನದೇ ಇತ್ತು. ಖಾಲಿ ಪರದೆ ತೋರಿಸಿದ್ದರೆ ಅವರಿಗೆ ಏನು ತಿಳಿಯುತ್ತಿತ್ತು? ನಮೂನೆಗೆ ಅಂತ ಒಂದೆರಡು ತೋರಿಸಿದೆ, ಅಷ್ಟೆ. ಆಮೇಲೆ ಅಳಿಸಿದ್ದೇನೆ. ಆಣೆ ಬೇಕಾದರೆ ಮಾಡುತ್ತೇನೆ.

ಅದಾದ ಮೇಲೆ ನನಗೆ ಬೇರೆ ಕೋಣೆ ಕೊಟ್ಟರು. ಎಲ್ಲರೂ ಮೇಡಮ್ ಎನ್ನುತ್ತಾರೆ. ಹೊಸಪೇಟೆಯ ನಮ್ಮ ಮನೆಯಲ್ಲಿ ನಾನು ಗಂಡನನ್ನು ಬಿಟ್ಟು ಬಂದವಳು. ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ನನ್ನನ್ನು ಕೊನೆಗೆ ಕರೆಯುತ್ತಾರೆ, ಮರೆತಂತೆ ಮಾಡಿ ಕರೆಯುತ್ತಾರೆ. ಇಲ್ಲಿ ನಾನು ಬಂದರೆ ಜನ ಎದ್ದು ನಿಲ್ಲುತ್ತಾರೆ. ಅದರಲ್ಲಿ ನಿನ್ನ ಗೂಡಿನ ಪಾಲೂ ಇದೆ ಎಂದು ನೀನು ಹೆಮ್ಮೆ ಪಡುತ್ತೀಯ ಎಂದುಕೊಂಡಿದ್ದೆ.

ಅದರಿಂದ ಒಳ್ಳೆಯದೂ ಆಗುತ್ತಿದೆ. ನಮಗೆ ಹಾಲು ಹಾಕುವ ತಾಯಕ್ಕ ಎಂಬುವಳು ಇದ್ದಾಳೆ. ಬೆಳಿಗ್ಗೆ ಹಾಲು ಸುರಿದು ಹೊಸಲಿನ ಮೇಲೆ ಕೂತಳೆಂದರೆ ಮನೆಯ ಕಥೆಯೆಲ್ಲ ಹೇಳುತ್ತಾಳೆ. ಅವಳ ಮಗಳು ಕೊಟ್ರಮ್ಮನಿಗೆ ಮರಿಯಮ್ಮನಹಳ್ಳಿಯಲ್ಲಿ ಗಂಡು ಗೊತ್ತಾಗಿದೆ. ನಾನು ಬರೆದಿಟ್ಟಿದ್ದೆ. ಸಾರ್ ಅದನ್ನು ಓದಿ, ಮದುವೆಗೆ ಕಂಪನಿಯಿಂದ ಸೀರೆ ಕೊಡೋಣ ಎಂದರು. ಇದು ಕೆಟ್ಟದ್ದಾ?

ರಿಪೇರಿ ಕೆಲಸ ಒಪ್ಪಿಕೋ. ಮಕ್ಕಳಿಗೆ ಟೈಪಿಂಗ್ ಹೇಳಿಕೊಡುತ್ತ ಎಷ್ಟು ದಿನ ಇರುತ್ತೀಯ?

ನಿನ್ನ
ಸುನಿತಾ

---

ಮಲಪನಗುಡಿ
೧೩ ಆಗಸ್ಟ್ ೨೦೦೬

ಸುನಿತಾ,

ನಮೂನೆಗೆ. ಆ ಒಂದು ಮಾತನ್ನು ನಾನು ಈ ತಿಂಗಳೆಲ್ಲ ಅಗಿದಿದ್ದೇನೆ. ಸೀರೆ ಅಂಗಡಿಯವನು ಒಂದು ಸೆರಗು ಬಿಚ್ಚಿ ತೋರಿಸುವ ಹಾಗೆ ನನ್ನನ್ನು ಬಿಚ್ಚಿ ತೋರಿಸಿದೆ. ಯಾವ ಒಂದೆರಡು ತೋರಿಸಿದೆ? ಬಸ್ಸಿನಲ್ಲಿ ಮೂರ್ಛೆ ಬಂದು ಸೀರೆ ಒದ್ದೆಯಾದ ದಿನದ್ದಾ? ಕಂಪ್ಲಿಯಿಂದ ನೋಡಲು ಬಂದವರಿಗೆ ಅವ್ವ ರೋಗದ ಮಾತು ಮುಚ್ಚಿಟ್ಟಳೆಂದು ನಾನು ಅತ್ತದ್ದಾ?

ನಿನ್ನ ಮ್ಯಾನೇಜರ್ ಮತ್ತೆ ಬಂದಿದ್ದ. ಈ ಸಲ ಫೋಟೊದ ಮಾತು ಎತ್ತಲಿಲ್ಲ.

"ಒಂದು ಹೊಸ ಖಾನೆ ಬೇಕಾಗಿತ್ರಿ ಮೇಡಮ್."

"ಎಂಥಾ ಖಾನೆ?"

"ಒಬ್ಬ ಮನುಷ್ಯಗ ಎಲ್ಲಿ ಮುಟ್ಟಿದ್ರ ನೋಯ್ತೈತಿ ಅಂತ ಬರಿಯಾಕ. ಈಗ ಅದು ಅಲ್ಲೊಂದು ಇಲ್ಲೊಂದು ಸಾಲಿನ್ಯಾಗ ಐತಿ. ಹುಡುಕಬೇಕಾಗ್ತದ. ಒಂದೇ ಕಡಿ ಬಂದ್ರ ಜಲ್ದಿ ಆಗ್ತೈತ್ರಿ."

ಅದನ್ನು ಆತ ಪಿನ್‌ಕೋಡಿಗೆ ಜಾಗ ಕೇಳುವ ಹಾಗೆ ಕೇಳಿದ. ಆಗುವುದಿಲ್ಲ ಎಂದೆ. ಅದನ್ನು ನನ್ನ ನೋವಿಗೆಂದು ಮಾಡಿಕೊಂಡದ್ದು, ಬೇರೆಯವರನ್ನು ನೋಯಿಸಲು ಅಲ್ಲ ಎಂದೆ. ಅವನಿಗೆ ಸಿಟ್ಟು ಬರಲಿಲ್ಲ. ಒಳಗಿನ ಕೋಣೆಯ ಕಡೆ ನೋಡಿದ. ಅಲ್ಲಿ ಸೆಂಟರಿನ ಮಾಲೀಕರು ಮರುಳಸಿದ್ದಪ್ಪನವರು ಪೇಪರು ಓದುತ್ತಿದ್ದರು.

"ಪಾಠ ಹೇಳೋ ಟೀಚರಿಗೆ ಮೂರ್ಛಿ ರೋಗ ಐತಿ ಅಂತ ಅವರಿಗೆ ಗೊತ್ತೈತೇನ್ರಿ? ಇಲ್ಲ ಅಂತ ನೀವೇ ಬರ್ದೀರಿ ನೋಡ್ರಿ ಅದರಾಗ. ಮುಂದಿನ ತಿಂಗ್ಳು ಬರ್ತೀನಿ. ವಿಚಾರ ಮಾಡ್ರಿ," ಎಂದು ಹೋದ.

ಅಳಿಸಿದ್ದೇನೆ ಎಂದೆಯಲ್ಲ? ಆಣೆ ಮಾಡುತ್ತೇನೆ ಎಂದೆಯಲ್ಲ? ನಾನು ಬರೆದ ಸಾಲನ್ನು ಅವನು ನನಗೇ ಬಾಯಿಪಾಠ ಒಪ್ಪಿಸಿದ.

ಭಾನುವಾರ ಹೊಸಪೇಟೆಗೆ ಬಾ. ಎದುರು ಕೂತು ಹೇಳು, ಆ ಕಂಪ್ಯೂಟರುಗಳಲ್ಲಿ ಇನ್ನೂ ಯಾರು ಯಾರಿದ್ದಾರೆ, ಅವರ ಬಗ್ಗೆ ನೀನು ಏನೇನು ಬರೆದಿದ್ದೀಯ.

ತುಳಸಿ

---

ಸಂಡೂರು
೨೧ ಆಗಸ್ಟ್ ೨೦೦೬

ತುಳಸಿ,

ಆಫೀಸಿನ ವಿಳಾಸಕ್ಕೆ ಬರೆಯಬೇಡ. ಟಪಾಲು ಮೊದಲು ಸಾರ್ ಮೇಜಿಗೆ ಹೋಗುತ್ತದೆ. ಈ ಸಲದ್ದು ಒಡೆದಿತ್ತು.

ನನ್ನ ಕಂಪ್ಯೂಟರಿನಲ್ಲಿ ಅಳಿಸಿದ್ದು ನಿಜ. ಅಷ್ಟರೊಳಗೆ ಅವರು ಬೇರೆ ಕಡೆ ಹಾಕಿಕೊಂಡಿದ್ದರೆ ನಾನೇನು ಮಾಡಲಿ? ಭಾನುವಾರ ಬರಲು ಆಗುವುದಿಲ್ಲ.

ಒಂದು ಖಾನೆ ತಾನೇ. ಮಾಡಿಕೊಡು, ಮುಗಿಸು. ನೀನು ಮಾಡದಿದ್ದರೆ ಬೆಂಗಳೂರಿನಿಂದ ಯಾರನ್ನಾದರೂ ಕರೆಸುತ್ತಾರೆ. ಆಗ ನಾನೂ ಬೇಡವಾಗುತ್ತೇನೆ.

ಸುನಿತಾ

---

ಮಲಪನಗುಡಿ
೨ ಅಕ್ಟೋಬರ್ ೨೦೦೬

ಸುನಿತಾ,

ನಿನ್ನೆ ನಾನೇ ಸಂಡೂರಿಗೆ ಬಂದಿದ್ದೆ. ಆಯುಧಪೂಜೆಯ ದಿನವಾದರೆ ರಜೆ ಇರುತ್ತದೆ, ಮನೆಯಲ್ಲೇ ಸಿಗುತ್ತೀಯ ಎಂದುಕೊಂಡೆ. ದಾರಿಯುದ್ದಕ್ಕೂ ಲಾರಿಗಳಿಗೆ ಬಾಳೆಕಂದು, ಚೆಂಡುಹೂವು. ಚಕ್ರದ ಕೆಳಗೆ ನಿಂಬೆಹಣ್ಣು. ನಿನ್ನ ಮನೆಗೆ ಬೀಗ. ಪಕ್ಕದವರು, ಮ್ಯಾನೇಜರ್ ಮನೆಯ ಪೂಜೆಗೆ ಹೋಗಿದ್ದೀಯ ಎಂದರು. ನಿನ್ನ ಹೊಸಲಿನ ಮೇಲೆ ಒಬ್ಬ ಹೆಂಗಸು ಆಗಲೇ ಕೂತಿದ್ದಳು. ಪಕ್ಕದಲ್ಲಿ ಹಾಲಿನ ಕ್ಯಾನು ಇತ್ತು. ಹೆಸರು ಕೇಳುವ ಮೊದಲೇ ತಾಯಕ್ಕ ಎಂದು ಗೊತ್ತಾಯಿತು.

"ನೀವೂ ಸುನಿತಮ್ಮನ್ನ ಕಾಯ್ತೀರೇನ್ರಿ? ಕುಂದ್ರಿ. ಆಕಿ ಬಂದ್ರ ಒಂದು ದಾರಿ ಹೇಳ್ತಾಳ ನನಗ," ಎಂದಳು.

ಏನಾಯಿತು ಎಂದೆ. ಅವಳಿಗೂ ಯಾರಿಗಾದರೂ ಹೇಳಬೇಕಾಗಿತ್ತು. ಅದಿರು ಸುರಿಯುವ ಯಾರ್ಡಿಗೆ ಅವಳ ಹೊಲ ಬೇಕಂತೆ. ಕೊಡುವುದಿಲ್ಲ ಎಂದಳಂತೆ. ಆಫೀಸಿನವನೊಬ್ಬ ಬಂದು, ಮಗಳ ಸೊಂಟದ ಮೇಲೆ ಬಿಳಿ ಮಚ್ಚೆ ಇರುವುದು ಬೀಗರಿಗೆ ತಿಳಿದರೆ ಚೆನ್ನಾಗಿರುವುದಿಲ್ಲ, ಸಹಿ ಹಾಕು ಎಂದನಂತೆ. ಇವಳು ಅವನನ್ನು ಸಗಣಿ ಪೊರಕೆ ಹಿಡಿದು ಅಟ್ಟಿದಳು. ಆ ವಾರವೇ ಮರಿಯಮ್ಮನಹಳ್ಳಿಯಿಂದ ಆಳು ಬಂದು ನಿಶ್ಚಯದ ಸೀರೆ ವಾಪಸು ಇಸಕೊಂಡು ಹೋದ.

"ನನಗ, ನನ್ನ ಮಗಳಿಗ, ನಿಮ್ಮ ಸುನಿತಮ್ಮಗ, ಮೂರು ಮಂದಿ ಬಿಟ್ರ ಯಾರಿಗೂ ಗೊತ್ತಿಲ್ರಿ ಅದು. ಬಳ್ಳಾರಿ ಚರ್ಮದ ಡಾಕ್ಟ್ರ ಹತ್ರ ಸುನಿತಮ್ಮನೇ ಕರ್ಕಂಡು ಹೋಗಿದ್ಲು. ಭಾಳ ಒಳ್ಳೆಕಿ. ಆ ಡಾಕ್ಟ್ರೇ ಬಾಯಿ ಬಿಟ್ಟಿರಬೇಕು. ಸುನಿತಮ್ಮ ಹೋಗಿ ಕೇಳಿದ್ರ ಗೊತ್ತಾಗ್ತೈತಿ."

ಕೇಳಿದೆಯಾ, ಸುನಿತಾ? ಅವಳು ನಿನ್ನನ್ನು ಬೈಯಲು ಬಂದಿರಲಿಲ್ಲ. ನಿನ್ನ ಸಹಾಯ ಕೇಳಲು ಬಂದಿದ್ದಳು.

ನಾನು ಸುಮ್ಮನೆ ಎದ್ದು ಬರಬಹುದಿತ್ತು. ಬರಲಿಲ್ಲ. ಅವಳಿಗೆ ಹೇಳಿದೆ. ಒಂದು ಪ್ರೋಗ್ರಾಮು ಇದೆ, ಮಾಡಿದವಳು ನಾನು, ಅದರಲ್ಲಿ ಬರೆದವಳು ಸುನಿತಾ, ಓದಿದವನು ಮ್ಯಾನೇಜರ್ ಎಂದೆ. ಮೊದಲು ಅವಳಿಗೆ ತಿಳಿಯಲಿಲ್ಲ. "ಬರ್ಯಾದ್ಯಾಕ? ನಾನು ಹೇಳಿದ್ದು ಆಕಿಗಲ್ಲಾ?" ಎಂದು ಮತ್ತೆ ಮತ್ತೆ ಕೇಳಿದಳು. ತಿಳಿದ ಮೇಲೆ ಎದ್ದು ಕ್ಯಾನಿನಲ್ಲಿದ್ದ ಹಾಲನ್ನು ನಿನ್ನ ಬಾಗಿಲಿಗೆ ಎರಚಿದಳು. ನನ್ನ ಕಡೆ ತಿರುಗಿ, "ನೀ ಯಾಕ ಮಾಡ್ದಿ ಅಂಥಾದ್ದನ್ನ?" ಎಂದಳು. ನನಗೆ ಮೂರ್ಛೆ ಬರುತ್ತದೆ, ಮರೆತುಹೋಗುತ್ತದೆ, ಅದಕ್ಕೆ ಎಂದೆ. ಅವಳು ಖಾಲಿ ಕ್ಯಾನು ಎತ್ತಿಕೊಂಡು ಹೋದಳು.

ಆ ಹಾಲು ಯಾರು ಎರಚಿದರೆಂದು ನಿನಗೆ ತಿಳಿಯಲಿ ಎಂದು ಬರೆದಿದ್ದೇನೆ.

ತುಳಸಿ

---

ಸಂಡೂರು
೧೯ ಅಕ್ಟೋಬರ್ ೨೦೦೬

ತುಳಸಿ,

ಸಮಾಧಾನವಾಯಿತಾ?

ನಮ್ಮ ಓಣಿಯಲ್ಲಿ ಈಗ ಯಾರೂ ನನ್ನ ಮುಖ ನೋಡುವುದಿಲ್ಲ. ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ. ಮನೆಯ ಯಜಮಾನಿ ಬೇರೆ ಕಡೆ ನೋಡಿಕೋ ಎಂದಿದ್ದಾಳೆ. ಬಾಗಿಲು ಎಷ್ಟು ತೊಳೆದರೂ ಹುಳಿ ವಾಸನೆ ಹೋಗಿಲ್ಲ.

ಹೌದು, ಬರೆದೆ. ಎಲ್ಲವನ್ನೂ ಬರೆದೆ. ಬರೆಯುವುದನ್ನು ಕಲಿಸಿದವಳು ಯಾರು? "ಸಣ್ಣದು ದೊಡ್ಡದು ಅಂತ ನೋಡಬ್ಯಾಡ, ಕಿವಿಗೆ ಬಿದ್ದದ್ದು ಹಾಕ್ತಾ ಹೋಗು, ಅದೇ ತಾನಾಗಿ ಒಂದಕ್ಕೊಂದು ಕೂಡ್ತೈತಿ" ಎಂದು ಹಾಸ್ಟೆಲ್ಲಿನಲ್ಲಿ ತಲೆ ತಿಂದವಳು ಯಾರು? ತಾಯಕ್ಕ ಹೊಸಲಿನ ಮೇಲೆ ಕೂತು ಹೇಳಿದ್ದು, ಅಂಗನವಾಡಿಯವಳು ಹೇಳಿದ್ದು, ಡ್ರೈವರುಗಳ ಹೆಂಡಿರು ಹೇಳಿದ್ದು, ಎಲ್ಲ ನನಗೆ ಬೇಕಾಗಿತ್ತು. ನನಗೆ ಬೇರೆ ಮನೆಯಿಲ್ಲ, ಸಂಸಾರವಿಲ್ಲ. ಅವರ ಸಂಸಾರವನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ಕೊಟ್ರಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ ನಾನು ಬರೆದದ್ದು ಮಚ್ಚೆಯ ವಿಷಯ ಒಂದೇ ಅಲ್ಲ. ಬಸ್ಸಿನಲ್ಲಿ ಅವಳು ನನ್ನ ಭುಜದ ಮೇಲೆ ಮಲಗಿದಳು ಎಂದೂ ಬರೆದಿದ್ದೆ. ಸಾರ್ ಅದನ್ನು ಬಿಟ್ಟು ಮಚ್ಚೆಯನ್ನು ಎತ್ತಿಕೊಂಡರು.

ಸಾರ್ ಕೋಣೆಗೆ ಹೋಗಿ ಕೇಳಿದೆ. "ಹೆಣ್ಣು ಮಗಳ ಬಾಳು ಹಾಳು ಮಾಡಿದ್ರಲ್ರಿ" ಎಂದೆ.

"ನಾನೇನು ಸುಳ್ಳು ಹೇಳಿದ್ನಾ? ನೀನೇ ಬರ್ದಿದ್ದು. ಖರೇ ಐತೋ ಇಲ್ಲೋ?" ಎಂದರು. ಅವರಿಗೆ ನಗು ಬೇರೆ.

ಮಾಡಿದವಳು ನೀನು. ಕೆಡಿಸುವ ಹಾದಿ ಏನಾದರೂ ಇಟ್ಟಿದ್ದರೆ ಹೇಳು. ಕೆಡಿಸುತ್ತೇನೆ. ನಿನಗಾಗಿ ಅಲ್ಲ. ಅವರ ಆ ನಗು ನಿಲ್ಲಬೇಕು.

ಹೊಸ ವಿಳಾಸ ಹಿಂಬದಿಯಲ್ಲಿದೆ.

ಸುನಿತಾ

---

ಮಲಪನಗುಡಿ
೨೬ ನವೆಂಬರ್ ೨೦೦೬

ಸುನಿತಾ,

ಕೆಡಿಸುವ ಹಾದಿ ಇಟ್ಟಿಲ್ಲ. ನನ್ನ ನೆನಪನ್ನು ಇಡಲು ಮಾಡಿದ ವಸ್ತುವಿನಲ್ಲಿ ಅದನ್ನು ಸುಡುವ ಗುಂಡಿಯನ್ನು ನಾನು ಯಾಕೆ ಇಡಲಿ? ಒಂದು ಕಂಪ್ಯೂಟರಿನಲ್ಲಿ ಕೆಡಿಸಿದರೆ ಅವನ ಹತ್ತಿರ ಸೀಡಿಗಳಿರುತ್ತವೆ. ಅದು ಆಗುವ ಕೆಲಸವಲ್ಲ.

ಉತ್ತರ ತಡವಾಗಿದ್ದಕ್ಕೆ ಕಾರಣವಿದೆ. ದೀಪಾವಳಿ ಮುಗಿದ ಮೇಲೆ ಈಶ್ವರ್ ಫೋನು ಮಾಡಿದ. "ಖಾನಿ ರೆಡಿ ಆತೇನ್ರಿ? ಇಲ್ಲಾಂದ್ರ ನಾನು ಮರುಳಸಿದ್ದಪ್ಪೋರ ಹತ್ರ ಒಂದು ಕಪ್ ಚಹಾ ಕುಡಿಯಾಕ ಬರ್ತೀನಿ," ಎಂದ. ಬನ್ನಿ ಎಂದೆ. ಫೋನಿಟ್ಟು ಮಕ್ಕಳ ಮುಂದೆ ನಿಂತು, ಪಾಠ ನಿಲ್ಲಿಸಿ ಹೇಳಿದೆ. ನನಗೆ ಮೂರ್ಛೆ ರೋಗ ಇದೆ. ದಿನಾ ಗುಳಿಗೆ ತೆಗೆದುಕೊಳ್ಳುತ್ತೇನೆ. ಆದರೂ ಯಾವಾಗಲಾದರೂ ಬರಬಹುದು. ನನ್ನ ದನಿ ನಡುಗುತ್ತಿತ್ತು. ಅಂಜಿಕೆಯಿಂದ ಎಂದುಕೊಂಡಿರಬೇಕು ಅವರು. ಅದು ಸಿಟ್ಟು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, "ಬಂದ್ರ ನಾವೇನ್ ಮಾಡ್ಬೇಕ್ರಿ ಟೀಚರ್?" ಎಂದಳು.

"ಮಗ್ಗಲಕ್ಕ ಹೊಳ್ಳಿಸ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ. ಕೈಯಾಗ ಕಬ್ಬಿಣ ಕೊಡಬ್ಯಾಡ್ರಿ. ಕೈಕಾಲು ಅದುಮಿ ಹಿಡಿಬ್ಯಾಡ್ರಿ," ಎಂದೆ. ಅವರು ಬರೆದುಕೊಂಡರು. ಆಮೇಲೆ ಎಕ್ಸೆಲ್ ಪಾಠ ಮುಂದುವರಿಸಿದೆ.

ಮರುಳಸಿದ್ದಪ್ಪನವರಿಗೂ ಅಂದೇ ಹೇಳಿದೆ. ಅವರು ಒಳ್ಳೆಯವರು. ಅವರ ಒಳ್ಳೆಯತನ ಒಂದು ವಾರ ತಡೆಯಿತು. "ತಂಗಿ, ನೀನು ಚಲೋ ಕಲಿಸ್ತಿ, ಅದರಾಗ ಎರಡು ಮಾತಿಲ್ಲ. ಆದ್ರ ಮಕ್ಕಳ ತಂದೆ ತಾಯಿ ಅಂಜ್ತಾರ," ಎಂದರು. ಇದು ಅಂಟುವ ರೋಗವಲ್ಲ ಎಂದೆ. "ನನಗೆ ಗೊತ್ತೈತವ್ವಾ. ಅವರಿಗೆ ಯಾರು ಹೇಳ್ಬೇಕು?" ಎಂದರು. ನೀವು ಹೇಳಬೇಕು ಎಂದೆ. ಕೆಲಸ ಹೋಯಿತು.

ಅವ್ವ ಮಾತು ಬಿಟ್ಟಿದ್ದಾಳೆ. ಮಾತಾಡಿದರೆ ಒಂದೇ ಮಾತು: "ಇನ್ನ ನಿನ್ನ ಯಾರು ಕಟ್ಕಂತಾರ?" ನನಗೆ ಅಳು ಬರಲಿಲ್ಲ ಎಂದರೆ ಸುಳ್ಳು. ಆದರೆ ಅದಾದ ಮೇಲೆ ಆ ಈಶ್ವರ್ ಫೋನು ಮಾಡಿಲ್ಲ. ಮಾಡಿ ಏನು ಹೇಳುತ್ತಾನೆ?

ನನ್ನದನ್ನು ನಾನೇ ಹೇಳಿ ಮುಗಿಸಿದೆ. ನಿನ್ನ ಊರಿನ ಜನಕ್ಕೆ ತಮ್ಮ ಬಗ್ಗೆ ಏನು ಬರೆದಿದೆ ಎನ್ನುವುದೇ ಗೊತ್ತಿಲ್ಲ. ಅದನ್ನು ಅವರಿಗೆ ಕೊಡು. ಒಂದು ಹೆಸರಿಗೆ ಸೇರಿದ್ದೆಲ್ಲ ಒಟ್ಟಿಗೆ ಅಚ್ಚಾಗುವ ಹಾಗೆ ಗೂಡಿನಲ್ಲಿ ಮಾಡಿಟ್ಟಿದ್ದೇನೆ. ಆಸ್ಪತ್ರೆಗೆ ಹೋಗುವಾಗ ನನಗೆ ಅದು ಬೇಕಾಗುತ್ತಿತ್ತು. ಅಚ್ಚು ಹಾಕು. ಅವರವರ ಮನೆಗೆ ಹೋಗಿ ಅವರವರದನ್ನು ಅವರ ಕೈಗೆ ಇಟ್ಟು ಬಾ. ಅವನು ಯಾರನ್ನು ಎಲ್ಲಿ ಮುಟ್ಟಲು ಬರುತ್ತಾನೆ ಎನ್ನುವುದು ಅವರಿಗೆ ಮೊದಲೇ ತಿಳಿದಿರಲಿ.

ಧೈರ್ಯವಿಲ್ಲದಿದ್ದರೆ ನನಗೆ ಮತ್ತೆ ಬರೆಯಬೇಡ.

ತುಳಸಿ

---

ಹೊಸಪೇಟೆ
೭ ಜನವರಿ ೨೦೦೭

ತುಳಸಿ,

ವಿಳಾಸ ನೋಡಿದ್ದೀಯ. ನಾನು ಈಗ ನಮ್ಮ ಮನೆಯಲ್ಲಿದ್ದೇನೆ.

ಸಾರ್ ಬೆಂಗಳೂರಿಗೆ ಹೋದ ದಿನ ಬೆಳಗಿನಿಂದ ಸಂಜೆವರೆಗೆ ಅಚ್ಚು ಹಾಕಿದೆ. ಎಲ್ಲರ ಎದುರಿನಲ್ಲೇ. ಯಾರೂ ಕೇಳಲಿಲ್ಲ. ನಾನು ಮೇಡಮ್ ಅಲ್ಲವೇ. ಮರುದಿನ ಒಂದು ಅಕ್ಕಿಚೀಲದಲ್ಲಿ ಹಾಕಿಕೊಂಡು ಮನೆ ಮನೆಗೆ ಹೋದೆ.

ನೀನು ಅಲ್ಲಿ ಕೂತು "ಕೊಟ್ಟು ಬಾ" ಎಂದು ಬರೆದೆ. ಕೊಡುವುದು ಹೇಗಿರುತ್ತದೆ ಎಂದು ನಿನಗೆ ಗೊತ್ತಾ? ಒಬ್ಬ ಓದಿ ನನ್ನ ಮುಖಕ್ಕೆ ಎಸೆದ. ಒಬ್ಬಳು ಓದಲೇ ಇಲ್ಲ, ಒಲೆಗೆ ಹಾಕಿದಳು. ಒಬ್ಬ ಡ್ರೈವರನ ಹೆಂಡತಿ ಗಂಡನ ಹಾಳೆ ಕೊಡು ಎಂದು ಸೆರಗು ಹಿಡಿದು ಜಗ್ಗಿದಳು. ಕೊಡಲಿಲ್ಲ. ಸೆರಗು ಹರಿದರೂ ಬಿಡಿಸಿಕೊಂಡು ಹೋದೆ. ಎಷ್ಟೋ ಮನೆಗಳಲ್ಲಿ ನಾನೇ ಓದಿ ಹೇಳಬೇಕಾಯಿತು. ನಾನು ಬರೆದ ಮಾತನ್ನು ಅವರ ಮುಂದೆ ನಿಂತು ನನ್ನ ಬಾಯಿಂದಲೇ.

ತಾಯಕ್ಕನ ಮನೆಗೆ ಕೊನೆಗೆ ಹೋದೆ. ಅಷ್ಟು ಹೊತ್ತಿಗೆ ಓಣಿಯೆಲ್ಲ ನನ್ನ ಹಿಂದೆ ಇತ್ತು. ತಾಯಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಕೊಟ್ರಮ್ಮ ಬಂದು ನನ್ನ ಕೈಯಿಂದ ಹಾಳೆ ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ಮಚ್ಚೆಯ ಸಾಲನ್ನೂ ಬಿಡಲಿಲ್ಲ. ಓದಿ ಮುಗಿಸಿ, "ಹೌದು, ಐತಿ. ಯಾರಿಗೇನು ಆಗ್ಬೇಕೈತಿ?" ಎಂದು ಸುತ್ತಲೂ ನೋಡಿದಳು. ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಒಳಗೆ ಹೋದಳು.

ಮುಗಿಯಿತು ಎಂದು ನಾನು ತಿರುಗಿದೆ. ತಾಯಕ್ಕ ಬಿಡಲಿಲ್ಲ.

"ನಿಂದ್ರು. ನಮ್ಮದೆಲ್ಲ ನಿನ್ನ ಹತ್ರ ಇತ್ತು. ನಿಂದು ನಮ್ಮ ಹತ್ರ ಏನೈತಿ?"

"ಏನು ಬೇಕು, ತಾಯಕ್ಕಾ?"

"ಹೇಳು. ನಾವು ನಿನ್ನ ಮುಂದ ಹೇಳಿದಂಗ ಹೇಳು. ಗಂಡನ್ನ ಯಾಕ ಬಿಟ್ಟಿ? ಎಲ್ರ ಮುಂದ ಹೇಳು."

ತುಳಸಿ, ಆ ಕ್ಷಣ ಅವಳನ್ನು ಕೊಂದುಬಿಡುವಷ್ಟು ಸಿಟ್ಟು ಬಂತು. ನಿನ್ನ ಮೇಲೆ, ಆ ಮ್ಯಾನೇಜರ ಮೇಲೆ, ನನ್ನ ಕೈಲಿದ್ದ ಖಾಲಿ ಚೀಲದ ಮೇಲೆ. ಆದರೂ ಹೇಳಿದೆ. ನಿನಗೂ ಹೇಳದೆ ಇದ್ದದ್ದನ್ನು ಹೇಳಿದೆ. ನಾನು ಗಂಡನನ್ನು ಬಿಟ್ಟು ಬಂದವಳಲ್ಲ. ಅವನೇ ಬಸ್ಸು ಹತ್ತಿಸಿದ. ನಾಗರ ಪಂಚಮಿಗೆ ತವರಿಗೆ ಹೋಗಿ ಬಾ, ಕರೆಯಲು ಬರುತ್ತೇನೆ ಎಂದ. ಬರಲಿಲ್ಲ. ಆ ವರ್ಷವೆಲ್ಲ ನಾನು ಬಟ್ಟೆಯ ಪೆಟ್ಟಿಗೆ ಬಿಚ್ಚಲಿಲ್ಲ. ದಿನಾ ಬೆಳಿಗ್ಗೆ ಒಂದು ಸೀರೆ ತೆಗೆದು, ಉಟ್ಟು, ಒಗೆದು, ಮಡಚಿ ಮತ್ತೆ ಅದರೊಳಗೇ ಇಡುತ್ತಿದ್ದೆ, ಬಂದರೆ ತಡವಾಗಬಾರದೆಂದು. ಅವನು ಇನ್ನೊಂದು ಮದುವೆಯಾದನೆಂದು ತಿಳಿದ ಮೇಲೆ, ನಾನೇ ಬಿಟ್ಟು ಬಂದೆ ಎಂದು ಹೇಳಲು ಶುರು ಮಾಡಿದೆ. ಹಾಗೆ ಹೇಳಿದರೆ ತಲೆ ಎತ್ತಿ ನಡೆಯಬಹುದಿತ್ತು.

ಓಣಿಯಲ್ಲಿ ಯಾರೋ ಬಿಕ್ಕಿದರು. ತಾಯಕ್ಕನಲ್ಲ. ಅವಳು ಕೇಳಿದಳು, ಪೂರ್ತಿ ಕೇಳಿದಳು. ಕೇಳಿ, "ಆತು, ಹೋಗು," ಎಂದಳು. ಅಷ್ಟೇ.

ಕೆಲಸ ಹೋಗಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಪೊಲೀಸಿಗೆ ಕೊಡುತ್ತೇನೆ ಎಂದು ಈಶ್ವರ್ ಕೂಗಾಡಿದ. ಏನೆಂದು ಕೊಡುತ್ತೀರಿ, ಅವರ ಮನೆಯ ಮಾತನ್ನು ಅವರಿಗೇ ಹೇಳಿದಳು ಎಂದಾ, ಎಂದು ಕೇಳಿದೆ. ಆ ನಗು ನಿಂತಿತು. ತಾಯಕ್ಕ ಹೊಲ ಕೊಟ್ಟಿಲ್ಲ. ಅವಳ ಸುತ್ತಲಿನ ಹೊಲದವರೂ ಈಗ ಒಬ್ಬೊಬ್ಬರೇ ಆಫೀಸಿಗೆ ಹೋಗುವುದನ್ನು ಬಿಟ್ಟಿದ್ದಾರೆ, ಹೋದರೆ ಗುಂಪಾಗಿಯೇ ಹೋಗುತ್ತಾರೆ ಎಂದು ಕೇಳಿದೆ. ಕೊಟ್ರಮ್ಮನ ಮದುವೆ ಮಾತ್ರ ಮತ್ತೆ ಕೂಡಿಬಂದಿಲ್ಲ.

ನೀನು ಹೇಳಿದ್ದನ್ನು ಮಾಡಿದ್ದೇನೆ. ಇನ್ನು ನನ್ನನ್ನು ಬೈಯಲು ನಿನಗೆ ಏನಾದರೂ ಉಳಿದಿದ್ದರೆ ಬೈಯಿ.

ಸುನಿತಾ

---

ಮಲಪನಗುಡಿ
೨೧ ಜನವರಿ ೨೦೦೭

ಸುನಿತಾ,

ಉಳಿದಿದೆ. ಬಹಳ ಉಳಿದಿದೆ. ನಿನ್ನ ಪತ್ರ ಓದಿದ ಮೇಲೆ ಕರಗುತ್ತದೆ ಎಂದುಕೊಂಡೆ, ಕರಗಲಿಲ್ಲ. ಕೊಟ್ರಮ್ಮನನ್ನು ನೆನೆದಾಗಲೆಲ್ಲ ಹೊಸದಾಗಿ ಬರುತ್ತದೆ. ನನ್ನ ಕೆಲಸ ನೆನೆದಾಗಲೂ. ಈಗ ಮನೆಯ ಪಡಸಾಲೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಇಬ್ಬರು ಹುಡುಗಿಯರಿಗೆ ಹೇಳಿಕೊಡುತ್ತಿದ್ದೇನೆ. ಒಬ್ಬಳು ಅಂದು ಕೈ ಎತ್ತಿದವಳು. ಅವಳ ತಾಯಿ ಅಂಜಲಿಲ್ಲ.

ಹೋದ ಬುಧವಾರ ಮತ್ತೆ ಮೂರ್ಛೆ ಬಂತು. ಎದ್ದಾಗ ಎರಡು ಮೂರು ದಿನ ಇರಲಿಲ್ಲ. ನಿನ್ನ ಪತ್ರ ದಿಂಬಿನ ಹತ್ತಿರ ಒಡೆದು ಬಿದ್ದಿತ್ತು. ಓದಿದ್ದೇ ನೆನಪಿರಲಿಲ್ಲ. ಹಾಗಾಗಿ ಆ ಪತ್ರವನ್ನು ನಾನು ಎರಡು ಸಲ ಮೊದಲ ಸಲ ಓದಿದ್ದೇನೆ. ಈ ಸಲ ತಾಯಕ್ಕ "ನಿಂದ್ರು" ಎನ್ನುವಲ್ಲಿ ಹಾಳೆ ಕೆಳಗಿಟ್ಟು, ಎದ್ದು ಬಾಗಿಲು ಹಾಕಿ ಬಂದೆ.

ಆಮೇಲೆ ಗೂಡು ತೆಗೆದು ಬರೆಯಲು ಕೂತೆ. ಅದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅದು ನನ್ನದು. ನಿನ್ನ ಹೆಸರಿನ ಕೆಳಗೆ ನೀನು ಮಾಡಿದ್ದನ್ನೆಲ್ಲ ಬರೆದೆ. ನಮೂನೆಗೆ ನನ್ನನ್ನು ತೋರಿಸಿದ್ದನ್ನೂ ಬರೆದೆ, ಅಕ್ಕಿಚೀಲ ಹೊತ್ತು ಮನೆ ಮನೆಗೆ ಹೋದದ್ದನ್ನೂ ಬರೆದೆ. ಸಿಟ್ಟು ಇನ್ನೂ ಇದೆ ಎಂದು ತಾರೀಖು ಹಾಕಿ ಬರೆದೆ. ಮರೆತು ನಿನ್ನನ್ನು ನಗುತ್ತ ಮಾತಾಡಿಸಿಬಿಟ್ಟೇನು ಎಂಬ ಹೆದರಿಕೆ.

ನೀನು ಓಣಿಯಲ್ಲಿ ಹೇಳಿದ ಬಟ್ಟೆಯ ಪೆಟ್ಟಿಗೆಯ ಮಾತನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ. ನಿನ್ನ ಈ ಪತ್ರವನ್ನೂ ವಾಪಸು ಕಳಿಸುತ್ತಿದ್ದೇನೆ, ಲಕೋಟೆಯಲ್ಲಿದೆ. ಮುಂದಿನ ಸಲ ಮೂರ್ಛೆ ಬಂದರೆ ನನಗೆ ಅದು ಮರೆತುಹೋಗಬಹುದು. ಹೋಗಲಿ. ಮತ್ತೆ ಗೊತ್ತಾಗಬೇಕೆಂದಿದ್ದರೆ ನೀನೇ ಬಂದು, ನನ್ನ ಎದುರು ಕೂತು, ಇನ್ನೊಮ್ಮೆ ಹೇಳಬೇಕಾಗುತ್ತದೆ.

ತುಳಸಿ